ವಿಮಾನ ರಿಪೇರಿ ಕಂಪನಿಯಲ್ಲಿ ಐಟಿಐ ಹುಡುಗನಿಗೆ ಜಾಗ ಇದೆಯೇ?

ಪ್ರಶ್ನೆ: ಬೆಂಗಳೂರಿನ ವಿಮಾನ ರಿಪೇರಿ ಘಟಕದಲ್ಲಿ ಸಾವಿರಾರು ಕೆಲಸ ಸಿಗುತ್ತವೆ ಅಂತಾರೆ. ನನ್ನ ಮಗ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ಹುಡುಗರಿಗೆ ಅಲ್ಲಿ ಜಾಗ ಇದೆಯೇ?
– ಓದುಗರೊಬ್ಬರು, ಇಳಕಲ್

ಉತ್ತರ: ಜಾಗ ಇದೆ. ಆದರೆ ‘ಸಾವಿರಾರು’ ಎಂಬುದನ್ನು ಸ್ವಲ್ಪ ತಗ್ಗಿಸಿಕೊಳ್ಳಿ. 2024ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ ಈ ಘಟಕಕ್ಕಾಗಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಾಗ ಹೇಳಿದ್ದು 1,300 ಕೋಟಿ ರೂಪಾಯಿ ಹೂಡಿಕೆ, ಸುಮಾರು 1,200 ನೇರ ಉದ್ಯೋಗ. ಭಾಗಿಸಿ ನೋಡಿ, ಒಂದು ಕೆಲಸಕ್ಕೆ ಕೋಟಿಗೂ ಮೇಲೆ ಬೀಳುತ್ತದೆ. ಅದೇ ದುಡ್ಡಿಗೆ ಇಳಕಲ್ಲಿನಲ್ಲಿ ಎಷ್ಟು ಮಗ್ಗ ಹೂಡಬಹುದು ಎಂಬ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹ್ಯಾಂಗರ್‌ನಲ್ಲಿ ಕೆಲಸಗಾರರು ಎರಡು ಬಗೆ. ವಿಮಾನ ಬಿಚ್ಚುವವರು, ತಗಡು ಕೂರಿಸುವವರು, ಬಣ್ಣ ಬಳಿಯುವವರು, ಬಿಡಿಭಾಗಗಳ ಉಗ್ರಾಣ ನೋಡುವವರು ಒಂದು ಕಡೆ. ‘ಇದು ಹಾರಲು ಯೋಗ್ಯ’ ಎಂದು ಸಹಿ ಹಾಕುವ ಲೈಸೆನ್ಸ್ ಪಡೆದ ಎಂಜಿನಿಯರ್ ಇನ್ನೊಂದು ಕಡೆ. ಆ ಸಹಿ ಬೀಳದೆ ವಿಮಾನ ಹೊರಗೆ ಹೋಗುವಂತಿಲ್ಲ. ಸಂಬಳವೂ ಬೇಡಿಕೆಯೂ ಹೆಚ್ಚು ಇರುವುದು ಸಹಿ ಹಾಕುವವರಿಗೆ. ನಿಮ್ಮ ಮಗ ಸೇರುವುದಾದರೆ ಮೊದಲ ಗುಂಪಿಗೆ. ಶಿಸ್ತು ಬಲು ಬಿಗಿ: ಕೆಲಸ ಮುಗಿದ ಮೇಲೆ ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೂ ಅದು ಸಿಗುವ ತನಕ ಹುಡುಕಲೇಬೇಕು.

ಈ ಕಸುಬು ಕರ್ನಾಟಕಕ್ಕೆ ಹೊಸದೇನಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮಾನ ಕಂಪನಿ ಎಚ್ಎಎಲ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧವಿಮಾನಗಳನ್ನು ರಿಪೇರಿ ಮಾಡಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಂತೆ ಬಿದ್ದಿದ್ದ ಲಿಬರೇಟರ್ ಬಾಂಬರ್‌ಗಳನ್ನು ಸರಿಪಡಿಸಿ ವಾಯುಪಡೆಗೆ ಕೊಟ್ಟಿತು. ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ಅದು ಈಗಲೂ ತೆಗೆದುಕೊಳ್ಳುತ್ತದೆ. ಮಗ ಮೊದಲು ಅರ್ಜಿ ಹಾಕಬೇಕಾದ್ದು ಅಲ್ಲಿಗೆ. ಊರಿನ ಹತ್ತಿರವೇ ಆಗಬೇಕೆಂದರೆ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿ ಇದೆ. ಅಲ್ಲಿ ನಡೆಯುವುದು ರಿಪೇರಿಯಲ್ಲ, ವಿಮಾನದ ಬಿಡಿಭಾಗಗಳ ತಯಾರಿಕೆ. ಫಿಟ್ಟರ್ ಕಲಿತ ಕೈಗೆ ಅದೂ ಒಗ್ಗುವ ಕೆಲಸವೇ.

ಈ ಕೆಲಸಕ್ಕೆ ಮುಂದೆಯೂ ಬೇಡಿಕೆ ಇರುತ್ತದೆಯೇ ಎಂದು ಕೇಳಬಹುದು. 2020ರ ಏಪ್ರಿಲ್‌ನಲ್ಲಿ ವಿಮಾನ ರಿಪೇರಿ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ವಿದೇಶಕ್ಕೆ ಹೋಗುತ್ತಿದ್ದ ರಿಪೇರಿ ಕೆಲಸ ಇಲ್ಲೇ ಉಳಿಯಲಿ ಎಂಬುದು ಅದರ ಉದ್ದೇಶ. ಹಾಗಾಗಿ ಬೇಡಿಕೆ ಬೆಳೆಯುತ್ತದೆ ಎಂದೇ ನನ್ನ ಎಣಿಕೆ.

ಮನೆಯಲ್ಲಿ ಇನ್ನೂ ಓದುವ ಮಕ್ಕಳಿದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಕೊಡಿಸಿ. ಸಹಿ ಹಾಕುವ ಎಂಜಿನಿಯರ್ ಲೈಸೆನ್ಸಿನ ದಾರಿ ಶುರುವಾಗುವುದು ಅಲ್ಲಿಂದ. ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ತರಬೇತಿ ಸಂಸ್ಥೆಯು ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯತೆಯ ಪಟ್ಟಿಯಲ್ಲಿ ಇದೆಯೇ ಎಂದು ದಯವಿಟ್ಟು ನೀವೇ ನೋಡಿಕೊಳ್ಳಿ.