ಮೂರನೇ ಸಲದ ರಿಪೋರ್ಟು

2009ರ ಜನವರಿ. ಪೀಣ್ಯದ ನಮ್ಮ ಗೇರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸತ್ಯಂ ಕಂಪನಿಯದೇ ಮಾತು. ಆ ತಿಂಗಳ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡಿದ್ದರು. ಸಣ್ಣದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು ಎಂದೂ ಅದರಲ್ಲಿತ್ತು. "ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬರಾದರೂ ಬಾಯಿ ಬಿಡಬಾರದಿತ್ತಾ?" ಎಂದು ನಾನೂ ಸಿಟ್ಟಾಗಿದ್ದೆ.

ಆಗ ನಾನು ಪ್ರೊಡಕ್ಷನ್ ಮ್ಯಾನೇಜರ್. ಬೆಳಗ್ಗೆ ಶಾಪಿಗೆ ಕಾಲಿಟ್ಟ ಕೂಡಲೇ ನನ್ನ ಮೊದಲ ಪ್ರಶ್ನೆ, "ಇವತ್ತು ಎಷ್ಟು ಪೀಸ್ ಹೋಗುತ್ತೆ?" ಅದೇ ಮಾರ್ಚ್ ಕೊನೆಯ ವಾರ, ವರ್ಷಾಂತ್ಯದ ಒತ್ತಡ, ಗೇಟಿನಲ್ಲಿ ಲಾರಿ. ಇನ್ಸ್‌ಪೆಕ್ಷನ್ ಹುಡುಗ ರಿಪೋರ್ಟ್ ಹಿಡಿದು ಬಂದ. ಹೀಟ್ ಟ್ರೀಟ್‌ಮೆಂಟ್ ಆದ ಗೇರುಗಳ ಹಾರ್ಡ್‌ನೆಸ್ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 62 ಇರಬೇಕು. ಅವನಿಗೆ ಸಿಕ್ಕಿದ್ದು 54. "ಇನ್ನೊಂದ್ಸಲ ಚೆಕ್ ಮಾಡು" ಎಂದೆ. ಹೋಗಿ ಬಂದ. 54. ನಾನು ಗಡಿಯಾರ ನೋಡಿ, "ಸರಿಯಾಗಿ ನೋಡಪ್ಪ" ಎಂದೆ. ಮೂರನೇ ಸಲ ತಂದ ರಿಪೋರ್ಟಿನಲ್ಲಿ 58 ಇತ್ತು. ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಲಾರಿ ಹೊರಟಿತು.

ಅವನು ಸುಳ್ಳು ಅಂಕಿ ಬರೆದಿರಲಿಲ್ಲ. ಟ್ರೇ ನಡುವೆ ಒತ್ತೊತ್ತಾಗಿ ಜೋಡಿಸಿದ ಪೀಸುಗಳ ಸುತ್ತ ತಣಿಸುವ ಎಣ್ಣೆ ಸರಿಯಾಗಿ ಹರಿಯದೆ ಅವು ಮೆತ್ತಗೆ ಉಳಿದಿದ್ದವು. ಅಂಚಿನವು ಚೆನ್ನಾಗಿ ಗಟ್ಟಿಯಾಗಿದ್ದವು. ಮೂರನೇ ಸಲ ಅವನು ಅಂಚಿನ ಪೀಸ್ ಆರಿಸಿಕೊಂಡಿದ್ದ. ನನಗೆ ಯಾವ ಉತ್ತರ ಬೇಕೆಂದು ನಾನು ಬಾಯಿಬಿಟ್ಟು ಹೇಳದೆಯೇ ಅವನಿಗೆ ಅರ್ಥವಾಗಿತ್ತು. ಈಗಲೂ ನನ್ನನ್ನು ಹೆಚ್ಚು ಚುಚ್ಚುವುದು ಅದೇ.

ನಾಲ್ಕು ತಿಂಗಳ ಮೇಲೆ ಹಲ್ಲು ಸವೆದ ಗೇರುಗಳು ವಾಪಸ್ ಬಂದವು, ಜೊತೆಗೆ ಡೆಬಿಟ್ ನೋಟ್. ಓನರ್ ಫೈಲು ತೆಗೆಸಿದರು. ಅದರಲ್ಲಿದ್ದದ್ದು ಹುಡುಗನ ಸಹಿ. "ಯಾರು ಪಾಸ್ ಮಾಡಿದ್ದು?" ಎಂದಾಗ ನಾನು ಸುಮ್ಮನೆ ಕೂತೆ. ಅವನನ್ನು ಒಂದು ವಾರ ಮನೆಗೆ ಕಳಿಸಿದರು. ಓನರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಸತ್ಯಂನವರ ಬಗ್ಗೆ ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಆ ನಾಲ್ಕು ದಿನಗಳಲ್ಲಿತ್ತು.

ಓನರ್ ಬೈಯಲಿಲ್ಲ. "ಇದನ್ನ ನನಗಲ್ಲ, ಅವನಿಗೆ ಹೇಳಿ" ಎಂದರು. ಅವನು ಬಂದ ದಿನ ಇಡೀ ಶಿಫ್ಟ್‌ನವರ ಎದುರು, ತಪ್ಪು ನನ್ನದು ಎಂದೆ. ಅವನು ತಲೆಯಾಡಿಸಿದ. ಆದರೆ ಆಮೇಲೆ ಎಷ್ಟೋ ದಿನ, ರಿಜೆಕ್ಷನ್ ಇದ್ದಾಗೆಲ್ಲ ರಿಪೋರ್ಟನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನಾನಿಲ್ಲದ ಹೊತ್ತು ನೋಡಿ ಮೇಜಿನ ಮೇಲಿಟ್ಟು ಹೋಗುತ್ತಿದ್ದ.

ನಮ್ಮ ರಿಸೆಪ್ಷನ್‌ನಲ್ಲಿ ಐಎಸ್‌ಒ 9001 ಪ್ರಮಾಣಪತ್ರ ಚೌಕಟ್ಟಿನಲ್ಲಿತ್ತು, ಗುಣಮಟ್ಟದ ಧೋರಣೆ ಎರಡು ಭಾಷೆಯಲ್ಲಿತ್ತು. ಅವು ಬೇಕು. ಆದರೆ ಹುಡುಗರು ಗೋಡೆ ಓದುವುದಿಲ್ಲ, ಮ್ಯಾನೇಜರ್ ಮುಖ ಓದುತ್ತಾರೆ. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ, ಅಕ್ರಮದ ಬಗ್ಗೆ ದೂರು ಕೊಡುವವರಿಗೆ ದಾರಿಯೂ ರಕ್ಷಣೆಯೂ ಇರಬೇಕೆಂದು ವಿಧಿಸಿತು. ನಮ್ಮಂಥ ಸಣ್ಣ ಕಾರ್ಖಾನೆಗೆ ಆ ಕಟ್ಟಳೆ ಇರಲಿಲ್ಲ. ಅಷ್ಟರಲ್ಲಿ ನಾವು ನಮ್ಮದೇ ದಾರಿ ಹುಡುಕಿಕೊಂಡಿದ್ದೆವು. ಇನ್ಸ್‌ಪೆಕ್ಷನ್‌ನವರು ಕೆಂಪು ಚೀಟಿ ಕಟ್ಟಿದ ಮಾಲನ್ನು ಪ್ರೊಡಕ್ಷನ್‌ನವರು ಮುಟ್ಟುವಂತಿಲ್ಲ, ನಾನು ಕೂಡ. ಟ್ರೇ ನಡುವಿನ ಪೀಸ್ ಪರೀಕ್ಷಿಸದೆ ರಿಪೋರ್ಟ್ ಇಲ್ಲ. ಇನ್ಸ್‌ಪೆಕ್ಷನ್ ವಿಭಾಗ ನನ್ನ ಕೈಕೆಳಗಿನಿಂದ ನೇರ ಓನರ್ ಕೆಳಗೆ ಹೋಯಿತು. ಅದನ್ನು ಕೇಳಿಕೊಂಡದ್ದು ನಾನೇ. ಬೆಳಗಿನ ಪ್ರಶ್ನೆಯೂ ಬದಲಾಯಿತು: "ನಿನ್ನೆ ಏನು ಕೆಟ್ಟಿತು?"

ಮೊದಲ ಎರಡು ತಿಂಗಳು ಒಂದೂ ಕೆಂಪು ಚೀಟಿ ಬೀಳಲಿಲ್ಲ. ಮಾಲು ಅಷ್ಟು ಚೆನ್ನಾಗಿರುವುದು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಜನ ಇನ್ನೂ ನನ್ನನ್ನು ನಂಬಿರಲಿಲ್ಲ. "ಏನು ಕೆಟ್ಟಿತು" ಎಂದು ಕೇಳಿ, ಉತ್ತರ ಬಂದಾಗ ಹುಬ್ಬು ಗಂಟಿಕ್ಕದೆ ಇರುವುದನ್ನು ಕಲಿಯಲು ನನಗೂ ಅಷ್ಟೇ ಕಾಲ ಹಿಡಿಯಿತು.

ಒಂದು ತಿಂಗಳ ಕೊನೆಯ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಐಟಿಐ ಮುಗಿಸಿ ಆಗಷ್ಟೇ ಸೇರಿದ್ದ ಅಪ್ರೆಂಟಿಸ್. "ಸಾರ್, ಲಾಟ್‌ಗೆ ಚೀಟಿ ಕಟ್ಟಿದೀನಿ. ಲಾರಿ ಕಾಯ್ತಾ ಇದೆ." ದನಿ ನಡುಗುತ್ತಿತ್ತು. ಲಾರಿ ಖಾಲಿ ಕಳಿಸಲು ಹೇಳಿ, ಎಷ್ಟು ಬಂತು ಎಂದು ಕೇಳಿದೆ.

"55, ಸಾರ್. ಇನ್ನೊಂದ್ಸಲ ಚೆಕ್ ಮಾಡ್ಲಾ?"

"ಬೇಡಪ್ಪ. ಊಟ ಮಾಡಿದ್ಯಾ?" ಎಂದೆ.