ಈಸ್ಟರ್ ಹಬ್ಬ: ಹೆಸರು, ಕಾಲ ಮತ್ತು ಆಚರಣೆಗಳ ಅರ್ಥವಿಚಾರ

ಕ್ರೈಸ್ತರ ಹಬ್ಬವೆಂದೊಡನೆ ಇತರ ಧರ್ಮೀಯ ಓದುಗರಿಗೆ ಮೊದಲು ನೆನಪಾಗುವುದು ಕ್ರಿಸ್ಮಸ್. ಆದರೆ ಧರ್ಮತತ್ತ್ವದ ದೃಷ್ಟಿಯಿಂದಲೂ ಇತಿಹಾಸದ ದೃಷ್ಟಿಯಿಂದಲೂ ಈಸ್ಟರ್ ಅದಕ್ಕಿಂತ ಹಿರಿದು, ಹಳೆಯದು. ಡಿಸೆಂಬರ್ 25ರ ಆಚರಣೆಗೆ ಖಚಿತ ಆಧಾರ ದೊರೆಯುವುದು ನಾಲ್ಕನೆಯ ಶತಮಾನದಿಂದ. ಎರಡನೆಯ ಶತಮಾನದಲ್ಲಿಯೇ ಈಸ್ಟರ್ ದಿನದ ಬಗ್ಗೆ ಬಿರುಸಿನ ಚರ್ಚೆಗಳು ನಡೆದಿದ್ದವು. ಕ್ರಿಸ್ತನು ಸತ್ತವರೊಳಗಿಂದ ಎದ್ದು ಬರದಿದ್ದಲ್ಲಿ ಬೋಧನೆಯೂ ವಿಶ್ವಾಸವೂ ವ್ಯರ್ಥ ಎಂಬ ಆಶಯವನ್ನು ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ವ್ಯಕ್ತಪಡಿಸಿದ್ದಾನೆ. ಇಡೀ ಧರ್ಮವನ್ನೇ ಒಂದು ಘಟನೆಯ ಮೇಲೆ ನಿಲ್ಲಿಸುವ ಈ ಮಾತು ಹಬ್ಬದ ಮಹತ್ತ್ವವನ್ನು ಸೂಚಿಸುತ್ತದೆ. ಈ ಹಬ್ಬದ ಹೆಸರು, ಕಾಲನಿರ್ಣಯ ಮತ್ತು ಆಚರಣೆಗಳನ್ನು ಪರಿಶೀಲಿಸಿ, ಇವುಗಳ ಅರ್ಥವನ್ನು ಕನ್ನಡದ ಪದಗಳು ಎಷ್ಟರಮಟ್ಟಿಗೆ ಹೊತ್ತು ತಂದಿವೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರುಗಳ ಹಿನ್ನೆಲೆ

ಹಬ್ಬದ ಮೂಲ ಹೆಸರು ‘ಪಾಸ್ಖ’. ಇದು ಹೀಬ್ರೂ ಭಾಷೆಯ ‘ಪೆಸಹ್’ ಶಬ್ದದಿಂದ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಬಂದಿದೆ. ಈಜಿಪ್ಟಿನ ದಾಸ್ಯದಿಂದ ಇಸ್ರಯೇಲರು ಬಿಡುಗಡೆ ಹೊಂದಿದ ನೆನಪಿಗಾಗಿ ಯೆಹೂದ್ಯರು ಆಚರಿಸುವ ಹಬ್ಬವಿದು. ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಇದರ ವಿವರವಿದೆ. ಸುವಾರ್ತೆಗಳ ಪ್ರಕಾರ ಯೇಸುವಿನ ಮರಣವು ಈ ಹಬ್ಬದ ಸಂದರ್ಭದಲ್ಲಿಯೇ ಸಂಭವಿಸಿತು. ಆದ್ದರಿಂದ ಆದಿ ಕ್ರೈಸ್ತರು ಬಲಿಯ ಕುರಿಮರಿಯ ಸ್ಥಾನದಲ್ಲಿ ಕ್ರಿಸ್ತನನ್ನು ಕಂಡರು. ಬಿಡುಗಡೆಯ ಹಳೆಯ ಕಥನದ ಮೇಲೆ ಹೊಸ ಕಥನವೊಂದು ಹೀಗೆ ನೆಲೆಗೊಂಡಿತು.

‘ಈಸ್ಟರ್’ ಎಂಬುದು ಜರ್ಮಾನಿಕ್ ಮೂಲದ ಪದ. ಕ್ರಿ.ಶ. 725ರಲ್ಲಿ ಇಂಗ್ಲೆಂಡಿನ ಸನ್ಯಾಸಿ ಬೀಡನು ಕಾಲಗಣನೆಯ ಕುರಿತು ರಚಿಸಿದ ಗ್ರಂಥದಲ್ಲಿ, ವಸಂತದ ಒಂದು ತಿಂಗಳಿಗೆ ಇಯೋಸ್ಟ್ರೆ ಎಂಬ ದೇವತೆಯಿಂದ ಹೆಸರು ಬಂದಿತೆಂದೂ ಅದೇ ಹೆಸರು ಹಬ್ಬಕ್ಕೂ ಅಂಟಿತೆಂದೂ ಹೇಳುತ್ತಾನೆ. ಈ ದೇವತೆಯನ್ನು ಹೆಸರಿಸಿ ಹೇಳುವ ಪ್ರಾಚೀನ ಲೇಖಕನೆಂದರೆ ಬೀಡನೊಬ್ಬನೇ. ಈಸ್ಟರ್ ಹಬ್ಬವೇ ಕ್ರೈಸ್ತಪೂರ್ವ ದೇವತೆಯೊಬ್ಬಳ ಹಬ್ಬದ ರೂಪಾಂತರವೆಂಬ ಜನಪ್ರಿಯ ವಾದ ಇದನ್ನು ಆಧರಿಸಿದೆ. ಆದರೆ ಗ್ರೀಕ್ ಮತ್ತು ಲ್ಯಾಟಿನ್ ಜಗತ್ತಿನಲ್ಲಿ ಈ ಹೆಸರಿನ ಸೋಂಕಿಲ್ಲದೆಯೇ ಹಬ್ಬವು ಶತಮಾನಗಳ ಕಾಲ ನಡೆದುಬಂದಿತ್ತು. ಹೆಸರಿನ ಮೂಲವನ್ನೇ ಹಬ್ಬದ ಮೂಲವೆಂದು ತಿಳಿಯುವುದು ತರ್ಕಸಮ್ಮತವಲ್ಲ.

2. ಪುನರುತ್ಥಾನ ಮತ್ತು ಪುನರ್ಜನ್ಮ

ಹಬ್ಬದ ತಿರುಳು ಪುನರುತ್ಥಾನ. ಗಮನಾರ್ಹವಾದ ಸಂಗತಿಯೆಂದರೆ, ಹೊಸ ಒಡಂಬಡಿಕೆಯ ನಾಲ್ಕು ಸುವಾರ್ತೆಗಳಲ್ಲಿ ಒಂದೂ ಪುನರುತ್ಥಾನದ ಕ್ಷಣವನ್ನು ವರ್ಣಿಸುವುದಿಲ್ಲ. ಅವು ಹೇಳುವುದು ಬರಿದಾದ ಸಮಾಧಿಯನ್ನು ಮತ್ತು ಅನಂತರದ ದರ್ಶನಗಳನ್ನು. ನಾಲ್ಕರಲ್ಲಿಯೂ ಸಮಾಧಿಯ ಬಳಿಗೆ ಮೊದಲು ಬರುವವರು ಸ್ತ್ರೀಯರು. ಮಗ್ದಲದ ಮರಿಯಳ ಹೆಸರು ನಾಲ್ಕರಲ್ಲಿಯೂ ಇದೆ. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಹಸ್ತಪ್ರತಿಗಳು ಆ ಸ್ತ್ರೀಯರ ಭಯ ಮತ್ತು ಮೌನದೊಂದಿಗೇ ಮುಗಿಯುತ್ತವೆ.

ಗ್ರೀಕ್ ಮೂಲದ ‘ಅನಾಸ್ತಾಸಿಸ್’ ಪದಕ್ಕೆ ‘ಮೇಲೆದ್ದು ನಿಲ್ಲುವುದು’ ಎಂದರ್ಥ. ಕನ್ನಡದಲ್ಲಿ ನೆಲೆಗೊಂಡಿರುವ ‘ಪುನರುತ್ಥಾನ’ ಇದಕ್ಕೆ ಸಮೀಪದ ಪದ. ಆದರೆ ‘ಪುನಃ’ ಎಂಬ ಪೂರ್ವಪದದಿಂದಾಗಿ ಇದು ‘ಪುನರ್ಜನ್ಮ’ದೊಂದಿಗೆ ಬೆರೆಯುವ ಸಾಧ್ಯತೆಯುಂಟು. ಇವೆರಡೂ ಬೇರೆ ಬೇರೆ ಪರಿಕಲ್ಪನೆಗಳು. ಪುನರ್ಜನ್ಮದಲ್ಲಿ ದೇಹ ಬದಲಾಗುತ್ತದೆ, ಕರ್ಮದ ಸರಣಿ ಮುಂದುವರಿಯುತ್ತದೆ. ಪುನರುತ್ಥಾನದಲ್ಲಿ ಅದೇ ವ್ಯಕ್ತಿ, ಗಾಯದ ಗುರುತುಗಳುಳ್ಳ ಅದೇ ದೇಹ ರೂಪಾಂತರ ಹೊಂದುತ್ತದೆ. ಮರಣವು ಮತ್ತೆ ಬಾರದು. ಇನ್ನೊಂದು ವ್ಯಾಕರಣ ಸೂಕ್ಷ್ಮವೂ ಇಲ್ಲಿದೆ. ಗ್ರೀಕ್ ಪಠ್ಯದಲ್ಲಿ ಹಲವೆಡೆ ಬಳಕೆಯಾಗಿರುವುದು ಕರ್ಮಣಿ ರೂಪದ ಕ್ರಿಯಾಪದ. ‘ಎದ್ದನು’ ಎಂದರೆ ಕರ್ತೃತ್ವ ಕ್ರಿಸ್ತನದು. ‘ಎಬ್ಬಿಸಲ್ಪಟ್ಟನು’ ಎಂದರೆ ಎಬ್ಬಿಸಿದವನು ದೇವರು. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದಿರುವುದರಿಂದ ಅನುವಾದಕನ ಮುಂದೆ ಭಾಷೆಯ ಸಹಜತೆಯೋ ತತ್ತ್ವದ ನಿಖರತೆಯೋ ಎಂಬ ಪ್ರಶ್ನೆ ಏಳುತ್ತದೆ.

3. ಕಾಲನಿರ್ಣಯ

ಏಷ್ಯಾ ಮೈನರಿನ ಕ್ರೈಸ್ತರು ಯೆಹೂದ್ಯ ಪಂಚಾಂಗದ ನಿಸಾನ್ ಮಾಸದ 14ನೆಯ ದಿನವನ್ನು, ಅದು ಯಾವ ವಾರವೇ ಆಗಿರಲಿ, ಹಬ್ಬವಾಗಿ ಆಚರಿಸುತ್ತಿದ್ದರು. ರೋಮಿನವರು ಭಾನುವಾರಕ್ಕೇ ಅಂಟಿಕೊಂಡರು. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮಿನ ಬಿಷಪ್ ವಿಕ್ಟರನು ಏಷ್ಯಾದ ಸಭೆಗಳನ್ನು ಬಹಿಷ್ಕರಿಸಲು ಮುಂದಾದಾಗ ಲಿಯೋನಿನ ಇರೇನಿಯಸನು ಶಾಂತಿಯ ಪರವಾಗಿ ಮಧ್ಯಪ್ರವೇಶಿಸಿದನು. 325ರ ನಿಸಿಯಾ ಮಹಾಸಭೆಯು ಎಲ್ಲರೂ ಒಂದೇ ದಿನ ಹಬ್ಬವನ್ನು ಆಚರಿಸಬೇಕೆಂದು ತೀರ್ಮಾನಿಸಿತು.

ಕ್ರಮೇಣ ನೆಲೆಗೊಂಡ ಸೂತ್ರವಿದು: ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. ಈ ಹುಣ್ಣಿಮೆ ಕಣ್ಣಿಗೆ ಕಾಣುವ ಹುಣ್ಣಿಮೆಯಲ್ಲ, 19 ವರ್ಷಗಳ ಆವರ್ತದ ಕೋಷ್ಟಕದಿಂದ ಗಣಿಸಿದ್ದು. 19 ಸೌರವರ್ಷಗಳು 235 ಚಾಂದ್ರಮಾಸಗಳಿಗೆ ಬಹುತೇಕ ಸಮ. ಅಂದರೆ 19 ವರ್ಷಗಳಲ್ಲಿ 7 ತಿಂಗಳು ಹೆಚ್ಚುವರಿ. ನಮ್ಮ ಪಂಚಾಂಗದ ಅಧಿಕ ಮಾಸದ ಹಿಂದೆಯೂ ಇದೇ ಲೆಕ್ಕವಿದೆ. ಸಂಕ್ರಾಂತಿ ಸೌರಮಾನದ್ದು, ಯುಗಾದಿ ಚಾಂದ್ರಮಾನದ್ದು ಎಂದು ವಿಂಗಡಿಸುವ ರೂಢಿಯಿರುವ ಕನ್ನಡಿಗರಿಗೆ ಸೂರ್ಯ, ಚಂದ್ರ, ವಾರ ಮೂರನ್ನೂ ಹೊಂದಿಸುವ ಈ ಕ್ರಮ ಅಪರಿಚಿತವೆನಿಸದು. ಪಾಶ್ಚಾತ್ಯ ಸಭೆಗಳಲ್ಲಿ ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಬರುತ್ತದೆ. 1582ರ ಗ್ರೆಗೋರಿಯನ್ ಸುಧಾರಣೆಯನ್ನು ಈಸ್ಟರ್ ಗಣನೆಯಲ್ಲಿ ಬಹುತೇಕ ಆರ್ಥಡಾಕ್ಸ್ ಸಭೆಗಳು ಒಪ್ಪಲಿಲ್ಲ. ನಿಸಿಯಾ ಸಭೆಯ 1700ನೆಯ ವರ್ಷವಾದ 2025ರಲ್ಲಿ ಎರಡೂ ಪರಂಪರೆಗಳ ಹಬ್ಬ ಏಪ್ರಿಲ್ 20ರಂದು ಒಟ್ಟಿಗೆ ಬಂದಿತು. ಆದರೆ ಅದು ಗಣಿತದ ಕಾಕತಾಳೀಯವೇ ಹೊರತು ಒಮ್ಮತದ ಫಲವಲ್ಲ.

4. ಆಚರಣೆಗಳು

ಹಬ್ಬಕ್ಕೆ ಮೊದಲು ನಲವತ್ತು ದಿನಗಳ ವ್ರತವಿದೆ. ಕನ್ನಡ ಕಥೋಲಿಕರು ಇದನ್ನು ‘ತಪಸ್ಸು ಕಾಲ’ವೆಂದೂ ಅದರ ಮೊದಲ ದಿನವನ್ನು ‘ವಿಭೂತಿ ಬುಧವಾರ’ವೆಂದೂ ಕರೆಯುತ್ತಾರೆ. ಶೈವ ಪರಂಪರೆಯ ‘ವಿಭೂತಿ’ ಶಬ್ದವು ಇಲ್ಲಿ ಪಶ್ಚಾತ್ತಾಪದ ಮತ್ತು ಮರ್ತ್ಯತೆಯ ಸಂಕೇತವಾಗಿ ಹೊಸ ಸಂದರ್ಭ ಪಡೆದಿದೆ. ಗರಿಗಳ ಭಾನುವಾರ, ಪಾದ ತೊಳೆಯುವ ಪವಿತ್ರ ಗುರುವಾರ, ಶಿಲುಬೆಯನ್ನು ಆರಾಧಿಸುವ ಶುಭ ಶುಕ್ರವಾರ ಇವು ಪವಿತ್ರ ವಾರದ ಮುಖ್ಯ ಘಟ್ಟಗಳು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಹೋಗಿದ್ದ ಎಗೇರಿಯಾ ಎಂಬ ಯಾತ್ರಿಕಳು ಅಲ್ಲಿನ ಈ ವಾರದ ವಿಧಿಗಳನ್ನು ವಿವರವಾಗಿ ದಾಖಲಿಸಿದ್ದಾಳೆ.

ಶನಿವಾರ ರಾತ್ರಿಯ ಪಾಸ್ಖ ಜಾಗರಣೆ ಇಡೀ ಆಚರಣೆಯ ಶಿಖರ. ಕತ್ತಲಲ್ಲಿ ಹೊಸ ಬೆಂಕಿಯನ್ನು ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿಯನ್ನು ಬೆಳಗಿಸಿ, ಆ ಬೆಳಕನ್ನು ಜನರ ಕೈಯ ಮೇಣದಬತ್ತಿಗಳಿಗೆ ಹಂಚಲಾಗುತ್ತದೆ. ಸೃಷ್ಟಿಯಿಂದ ಮೊದಲ್ಗೊಂಡು ವಾಚನಗಳು ನಡೆಯುತ್ತವೆ. ತಪಸ್ಸು ಕಾಲದುದ್ದಕ್ಕೂ ಮೌನವಾಗಿದ್ದ ‘ಹಲ್ಲೆಲೂಯ’ ಮತ್ತೆ ಕೇಳಿಬರುತ್ತದೆ. ಶತಮಾನಗಳ ಕಾಲ ಶನಿವಾರ ಬೆಳಿಗ್ಗೆಗೆ ಸರಿದಿದ್ದ ಈ ವಿಧಿಯನ್ನು 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಮರಳಿ ರಾತ್ರಿಗೆ ತಂದರು. ಬೆಳಕಿನ ಸಂಕೇತಕ್ಕೆ ಕತ್ತಲೆ ಅಗತ್ಯವೆಂಬ ತಿಳಿವು ಈ ಸುಧಾರಣೆಯಲ್ಲಿದೆ.

ಮೊಟ್ಟೆಯ ಸಂಪ್ರದಾಯಕ್ಕೆ ಲೌಕಿಕ ಕಾರಣವೂ ಉಂಟು. ಮಧ್ಯಯುಗದ ವ್ರತದಲ್ಲಿ ಮೊಟ್ಟೆ ನಿಷಿದ್ಧವಾಗಿತ್ತು. ಕೋಳಿಗಳು ಮಾತ್ರ ಮೊಟ್ಟೆಯಿಡುತ್ತಲೇ ಇದ್ದವು. ಹೀಗೆ ಕೂಡಿಬಿದ್ದ ಮೊಟ್ಟೆಗಳು ಹಬ್ಬದೂಟಕ್ಕೂ ಉಡುಗೊರೆಗೂ ಒದಗಿದವು. ಪೂರ್ವದ ಸಭೆಗಳಲ್ಲಿ ಮೊಟ್ಟೆಯ ಕೆಂಪು ಬಣ್ಣವನ್ನು ಕ್ರಿಸ್ತನ ರಕ್ತಕ್ಕೂ ಒಡೆಯುವ ಚಿಪ್ಪನ್ನು ತೆರೆದ ಸಮಾಧಿಗೂ ಹೋಲಿಸಲಾಯಿತು. ಮೊಟ್ಟೆ ತರುವ ಮೊಲದ ಕಥೆ ಜರ್ಮನ್ ಪ್ರದೇಶದ್ದು. 1682ರ ಬರಹವೊಂದರಲ್ಲಿ ಅದರ ಉಲ್ಲೇಖವಿದೆ.

5. ಸಮಾರೋಪ

ಕನ್ನಡ ಕಾವ್ಯದಲ್ಲಿ ಕ್ರಿಸ್ತನೆಂದರೆ ಮುಖ್ಯವಾಗಿ ನೆನಪಾಗುವ ಕೃತಿ ಎಂ. ಗೋವಿಂದ ಪೈ ಅವರ ‘ಗೊಲ್ಗೊಥಾ’. ಅದು ಯೇಸುವಿನ ಕಡೆಯ ದಿನವನ್ನು ಕುರಿತದ್ದು, ಅಂದರೆ ಶುಕ್ರವಾರದ ಕಾವ್ಯ. ನೋವನ್ನು ಭರಿಸಿದ ಮಹಾತ್ಮನ ಚಿತ್ರವು ಯಾವ ಧರ್ಮದ ಓದುಗನಿಗೂ ಹತ್ತಿರವಾಗಬಲ್ಲದು. ಭಾನುವಾರದ ಪ್ರತಿಪಾದನೆ ಮಾತ್ರ ವಿಶ್ವಾಸವನ್ನು ಬೇಡುತ್ತದೆ. ಆದರೆ ಶುಕ್ರವಾರವನ್ನಷ್ಟೇ ಗ್ರಹಿಸಿ ಭಾನುವಾರವನ್ನು ಬಿಟ್ಟರೆ ಕ್ರೈಸ್ತರು ಆ ಮರಣದ ದಿನವನ್ನು ‘ಶುಭ’ವೆಂದು ಕರೆಯುವುದೇಕೆ ಎಂಬುದು ಅರ್ಥವಾಗದೆ ಉಳಿಯುತ್ತದೆ. ವಿಭೂತಿ, ತಪಸ್ಸು, ಜಾಗರಣೆ ಮುಂತಾದ ಪದಗಳ ಮೂಲಕ ಕನ್ನಡವು ಹಬ್ಬದ ದಾರಿಯನ್ನು ತನ್ನದಾಗಿಸಿಕೊಂಡಿದೆ. ಅದರ ಗುರಿಯಾದ ಪುನರುತ್ಥಾನವನ್ನು ಪುನರ್ಜನ್ಮದೊಂದಿಗೆ ಬೆರೆಸದೆ, ತನ್ನದೇ ಪರಿಕಲ್ಪನೆಯಾಗಿ ಗ್ರಹಿಸುವುದು ಕನ್ನಡದಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡುವವರ ಹೊಣೆಯಾಗಿದೆ.