ರಟ್ಟಿನ ಚಿನ್ನಕ್ಕಿಂತ ಒಳಗಿನ ಚಿತ್ರ ಮುಖ್ಯ

ಹಳೆಯ ಸಚಿತ್ರ ಪುಸ್ತಕಗಳಿಗೆ ನಾನು ದುಡ್ಡು ಹಾಕುತ್ತೇನೆ ಎಂದು ತಿಳಿದವರು ಮೊದಲು ಕೇಳುವುದು ಲಾಭ ಎಷ್ಟು ಎಂದು. ಅವರಿಗೆ ನಾನು 'ಗ್ರೇಟ್ ಓಮರ್' ಕಥೆ ಹೇಳುತ್ತೇನೆ.

ಉಮರ್ ಖಯ್ಯಾಮನ ರುಬಾಯತ್‌ನ ಒಂದು ಸಚಿತ್ರ ಪ್ರತಿಗೆ ಲಂಡನ್ನಿನ ಸಾಂಗೋರ್ಸ್ಕಿ ಅಂಡ್ ಸಟ್‌ಕ್ಲಿಫ್ ಸಂಸ್ಥೆಯವರು ಸುಮಾರು ಎರಡು ವರ್ಷ ದುಡಿದು ಬೈಂಡಿಂಗ್ ಮಾಡಿದರು. ಚರ್ಮದ ಮೇಲೆ ಚಿನ್ನದ ನವಿಲುಗಳು, ಸಾವಿರಕ್ಕೂ ಮಿಕ್ಕಿದ ಹರಳುಗಳು. ಹೇಳಿದ ಬೆಲೆ 1000 ಪೌಂಡ್. 1912ರ ಹರಾಜಿನಲ್ಲಿ ಅದು ಹೋದದ್ದು 405 ಪೌಂಡಿಗೆ. ಕೊಂಡ ಅಮೆರಿಕದ ವ್ಯಾಪಾರಿಗೆ ಅದನ್ನು ಕಳಿಸಿದ್ದು ಟೈಟಾನಿಕ್ ಹಡಗಿನಲ್ಲಿ. ಕುಶಲಕರ್ಮಿ ಎಷ್ಟು ಬೆವರು ಸುರಿಸಿದರೂ ಬೆಲೆ ಕಟ್ಟುವವರು ಕೊಳ್ಳುವವರೇ.

ನನಗೆ ತುಂಬ ಇಷ್ಟವಾದ ಚಿತ್ರಕಾರ ಆರ್ಥರ್ ರ‍್ಯಾಕಮ್. ಅವರ ಮರಗಳ ಬೇರುಗಳಲ್ಲಿ ಕಣ್ಣು ಅಲೆಯತೊಡಗಿದರೆ ಹೊತ್ತು ಹೋದದ್ದೇ ತಿಳಿಯದು. 1906ರ 'ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್'ನಲ್ಲಿ ಅವರ 50 ಬಣ್ಣದ ಚಿತ್ರಗಳಿವೆ. ಅವನ್ನು ಬೇರೆ ಕಾಗದದಲ್ಲಿ ಅಚ್ಚು ಹಾಕಿ, ದಪ್ಪ ಹಾಳೆಗಳ ಮೇಲೆ ಅಂಟಿಸಿದ್ದಾರೆ. ಇಂಥ ಚಿತ್ರಗಳನ್ನು ಕಿತ್ತು ಚೌಕಟ್ಟು ಹಾಕಿ ಮಾರುವುದು ಸುಲಭ. ಒಮ್ಮೆ ಒಬ್ಬ ಮಾರಾಟಗಾರರು ಈ ಪುಸ್ತಕದ ಒಂದು ಪ್ರತಿಯನ್ನು ಹೊಸ ಚರ್ಮದ ರಟ್ಟು, ಚಿನ್ನದ ಅಂಚಿನೊಂದಿಗೆ ತೋರಿಸಿದರು. ಚಿತ್ರಗಳ ಪಟ್ಟಿ ಹಿಡಿದು ಎಣಿಸಿದೆ, ಕೆಲವು ಇರಲಿಲ್ಲ. ಕೊಳ್ಳಲಿಲ್ಲ.

ಹೀಗಾಗಿ ನನ್ನ ಕ್ರಮ ಇಷ್ಟೇ. ಮೊದಲು ಚಿತ್ರಗಳನ್ನು ಎಣಿಸಿ. ಆಮೇಲೆ ಪುಸ್ತಕದ ಬೆನ್ನು, ಹೊಲಿಗೆ, ಹಾಳೆಯ ಕಲೆಗಳನ್ನು ನೋಡಿ. ಪ್ರಕಾಶಕರೇ ಹಾಕಿಸಿದ ಮೂಲ ರಟ್ಟು ಚೆನ್ನಾಗಿದ್ದರೆ, ಚಂದ ಕಾಣಲೆಂದು ಅದನ್ನು ಬದಲಿಸಬೇಡಿ. ಸಂಗ್ರಾಹಕರು ಹುಡುಕುವುದು ಅದನ್ನೇ. ರಸೀದಿ, ಫೋಟೊಗಳನ್ನು ಜೋಪಾನವಾಗಿಡಿ. ಮನೆಯ ವಿಮೆಗೆ ಇಂಥ ಪುಸ್ತಕ ಒಳಪಡುತ್ತದೆಯೇ ಎಂದು ಕಂಪನಿಯನ್ನು ಕೇಳಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ, ಹುಳು ಬೀಳದಂತೆ ಆಗಾಗ ತೆಗೆದು ನೋಡಿ.

ಪುಸ್ತಕಕ್ಕೆ ಬಡ್ಡಿಯಿಲ್ಲ, ಲಾಭಾಂಶವಿಲ್ಲ. ಅಂಗಡಿಯವರು ಮರಳಿ ಕೊಳ್ಳುವಾಗ ತಮ್ಮ ಪಾಲು ಹಿಡಿದೇ ಬೆಲೆ ಹೇಳುತ್ತಾರೆ. ಹರಾಜಿಗಿಟ್ಟರೆ ಕಮಿಷನ್ ಹೋಗುತ್ತದೆ. ಬೇಕೆಂದ ದಿನ ಗಿರಾಕಿ ಸಿಗುವುದೂ ಇಲ್ಲ. ಆದ್ದರಿಂದ ಆಪತ್ಕಾಲದ ಹಣ, ಆರೋಗ್ಯ ವಿಮೆ, ನಿವೃತ್ತಿಯ ಉಳಿತಾಯ ಇವೆಲ್ಲ ಆದಮೇಲೆ ಮಿಕ್ಕ ಹಣದಲ್ಲಷ್ಟೇ ಕೊಳ್ಳಿ. ಎಂದೂ ಮಾರದಿದ್ದರೂ ಕೊಟ್ಟ ದುಡ್ಡು ಸಾರ್ಥಕ ಎನಿಸುವ ಪುಸ್ತಕವನ್ನೇ ಮನೆಗೆ ತನ್ನಿ.